ಸೇತುವೆ ಇಲ್ಲದ ನಾಡು

ಈರ್ಕರೆ ಎಂಬ ನಾಡಿಗೆ ಉಪ್ಪು ಎಲ್ಲಿಂದ ಬರುತ್ತದೆ ಎಂದು ಮೊದಲು ಕೇಳಿದವರು ಚಾಮುಂಡಮ್ಮ. ಆ ನಾಡನ್ನು ಕಥೆಯಲ್ಲಿ ಕಟ್ಟಿದ ಸೊಸೆ ವೀಣಾ ಆಗ ಜಗಲಿಯ ಹೊಲಿಗೆ ಮಿಷನ್ನಿನ ಮುಂದೆ ಕೂತು, ಪಕ್ಕದ ಮನೆಯ ಮಲಯಾಳಿ ಶೀಜ ಚೇಚಿಯ ರವಿಕೆಗೆ ಒಳ ಅಸ್ತರು ಕೊಡುತ್ತಿದ್ದಳು. ಬರೆದು ಮುಗಿಸಿದ ಅಧ್ಯಾಯವನ್ನು ಅತ್ತೆಗೆ ಓದಿ ಹೇಳಿದ್ದಳು. ಹೊಗಳಿಕೆಯ ಒಂದು ಮಾತಾದರೂ ಬಂದೀತೆಂದು ಕಾಯುತ್ತಿದ್ದಳು.

"ಬೆಟ್ಟ ನಡೀತದೆ, ಸರಿ. ನೆರಳು ಕೂಲಿಗೆ ಹೋಯ್ತದೆ, ಅದೂ ಸರಿ. ಸಾರಿಗೆ ಉಪ್ಪು ಎಲ್ಲಿಂದ ತತ್ತರೆ ಅವ್ರು? ನಿನ್ನ ನಾಡಲ್ಲಿ ಸಮುದ್ರನೇ ಇಲ್ವಲ್ಲ ಕಣವ್ವ" ಎಂದರು ಚಾಮುಂಡಮ್ಮ.

ವೀಣಾಗೆ ಮೈ ಉರಿಯಿತು. ಮಾಯಾಲೋಕದ ಕಥೆ ಕೇಳಿ ಉಪ್ಪಿನ ಲೆಕ್ಕ ಕೇಳುವವರಿಗೆ ಏನು ಹೇಳುವುದು? ಆದರೆ ಸಂಜೆಯ ಹೊತ್ತಿಗೆ ಆ ಉಪ್ಪು ಅವಳ ತಲೆಯೊಳಗೆ ಕರಗತೊಡಗಿತ್ತು. ಉಪ್ಪಿಲ್ಲದ ನಾಡಿಗೆ ಉಪ್ಪು ಹೊತ್ತು ತರುವವರು ಬೇಕು. ಅವರಿಗೆ ದಾರಿ ಬೇಕು, ದಾರಿಯಲ್ಲಿ ತಂಗಲು ಛತ್ರ ಬೇಕು, ಛತ್ರದಲ್ಲಿ ಜಗಳ ಬೇಕು. ಉಪ್ಪಿನವರ ಮನೆಯ ಹೆಣ್ಣುಮಕ್ಕಳು ಅಳಬಾರದು, ಅತ್ತರೆ ಸರಕು ಪೋಲಾಗುತ್ತದೆ ಎಂಬ ಒಂದು ಕಟ್ಟಳೆಯೂ ಹುಟ್ಟಿತು. ಅತ್ತೆಯ ಒಂದು ಅಡ್ಡಪ್ರಶ್ನೆಯಿಂದ ಎಷ್ಟೋ ವಾರದ ಕಂತು ಸಲೀಸಾಗಿ ಸಿಕ್ಕಿತು. ಇಷ್ಟಾದರೂ ಅತ್ತೆಗೆ ಒಂದು ಒಳ್ಳೆಯ ಮಾತು ಹೇಳಿದಳೇ ಎಂದರೆ, ಇಲ್ಲ.

ವೀಣಾ ಇರುವುದು ಕೊಳವಳ್ಳಿಯಲ್ಲಿ. ಊರಿನ ಕೊನೆಯ ಬಾಳೆತೋಟ ದಾಟಿದರೆ ಕಬಿನಿ, ಕಬಿನಿ ದಾಟಿದರೆ ಕರ್ನಾಟಕ. ಈಚೆ ದಡಕ್ಕೆ ಇಕ್ಕರೆ ಎನ್ನುತ್ತಾರೆ, ಆಚೆ ದಡಕ್ಕೆ ಅಕ್ಕರೆ. ಅವಳು ಹುಟ್ಟಿದ್ದು, ಕನ್ನಡ ಶಾಲೆಗೆ ಹೋದದ್ದು ಎಲ್ಲ ಅಕ್ಕರೆಯಲ್ಲಿ. ಭರತನನ್ನು ಮದುವೆಯಾಗಿ, ತೋಣಿಯಲ್ಲಿ ಕೂತು, ಸೀರೆಯ ಅಂಚು ಒದ್ದೆ ಮಾಡಿಕೊಂಡು ಇಕ್ಕರೆಗೆ ಬಂದವಳು. ಭರತ ಪುಲ್ಪಳ್ಳಿಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾನೆ. ಹೆಂಡತಿ ಬರೆದದ್ದರಲ್ಲಿ ಒಂದು ಸಾಲೂ ಅವನು ಓದಿಲ್ಲ, ಆದರೆ ಅವಳ ಫೋನಿಗೆ ರೀಚಾರ್ಜ್ ಹಾಕಿಸುವುದನ್ನು ಒಮ್ಮೆಯೂ ಮರೆತಿಲ್ಲ. ಗಂಡಂದಿರಲ್ಲಿ ಇಂಥವರು ಸಿಕ್ಕಿದರೆ ಸುಮ್ಮನೆ ಇಟ್ಟುಕೊಳ್ಳಬೇಕು.

ಆ ಫೋನಿನಲ್ಲೇ ಅವಳು ಬರೆಯುವುದು. ಕಥೆ ಓದುವ ಒಂದು ಆ್ಯಪಿನಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಈರ್ಕರೆಯ ಒಂದು ಅಧ್ಯಾಯ ಬರುತ್ತದೆ. ಹಾಸನ, ಹಾವೇರಿ, ಸಿಂಧನೂರು ಅಂತ ಎಲ್ಲೆಲ್ಲಿಯ ಜನವೋ ಓದುತ್ತಾರೆ. ಬರೆಯುವವಳು ಕೇರಳದ ಒಂದು ಮೂಲೆಯಲ್ಲಿ ಪೆಡಲ್ ತುಳಿಯುತ್ತ ಕೂತಿದ್ದಾಳೆಂದು ಅವರಿಗೆ ಗೊತ್ತಿಲ್ಲ. ಗೊತ್ತಾಗುವುದು ಅವಳಿಗೂ ಬೇಕಿಲ್ಲ.

ನಾಡು ಕಟ್ಟುವ ಅವಳ ರೀತಿ ದರ್ಜಿಯದೇ. ರವಿಕೆ ಕತ್ತರಿಸಿ ಉಳಿದ ಬಿಳಿ ಅಸ್ತರಿನ ಬಟ್ಟೆಯನ್ನು ನೆಲಕ್ಕೆ ಹಾಸಿ, ಅಳತೆಯ ಟೇಪನ್ನು ಅದರ ಮೇಲೆ ಅಂಕುಡೊಂಕಾಗಿ ಬಿಡುವಳು. ಅದು ಕರಿಹೊಳೆ. ಗುಂಡಿಗಳನ್ನು ಚೆಲ್ಲುವಳು, ಬಿದ್ದಲ್ಲಿ ಊರು. ಸೀಮೆಸುಣ್ಣದಿಂದ ದಾರಿ ಎಳೆಯುವಳು. ಅಸ್ತರು ಹೊರಗೆ ಕಾಣಬಾರದು, ಆದರೆ ಒಳಗೆ ಇರಲೇಬೇಕು, ಇಲ್ಲದಿದ್ದರೆ ರವಿಕೆ ಮೈಮೇಲೆ ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತು. ಹಾಗಾಗಿ ಓದುಗರಿಗೆ ಎಂದೂ ಹೇಳದ ಸಂಗತಿಗಳನ್ನೂ ಯೋಚಿಸಿ ಇಟ್ಟಿದ್ದಳು. ಈರ್ಕರೆಯ ಜನ ಆಣೆ ಇಡುವುದು ಯಾವುದರ ಮೇಲೆ, ಬಾಣಂತಿಗೆ ಏನು ಉಣಿಸುತ್ತಾರೆ, ಸಿಟ್ಟು ಬಂದರೆ ಏನೆಂದು ಬೈಯುತ್ತಾರೆ, ಎಲ್ಲ.

ಈರ್ಕರೆಯಲ್ಲಿ ಮಧ್ಯಾಹ್ನವಾದರೆ ನೆರಳುಗಳು ಒಡೆಯರ ಕಾಲು ಬಿಟ್ಟು ಎದ್ದು ಕೂಲಿಗೆ ಹೋಗುತ್ತವೆ. ಒಂದು ನೆರಳು ಒಂದು ಗುಡ್ಡ ಎತ್ತಬಲ್ಲದು. ಆದರೆ ಕೆಲಸ ಹೆಚ್ಚಾದರೆ ನೆರಳು ಸವೆಯುತ್ತದೆ, ನೆರಳು ಸವೆದವರನ್ನು ಮನೆಯವರು ಮೆಲ್ಲಗೆ ಮರೆಯುತ್ತಾರೆ. ಪುಕ್ಕಟೆ ಮಾಯೆ ಇದ್ದರೆ ಕಥೆ ಸಪ್ಪೆ, ಪ್ರತಿ ಮಾಯೆಗೂ ಯಾರಾದರೂ ಏನಾದರೂ ತೆರಬೇಕು ಎಂಬುದನ್ನು ಅವಳು ತಾನಾಗಿ ಕಂಡುಕೊಂಡಿದ್ದಳು. ಚಾಮುಂಡಮ್ಮ ಇಲ್ಲಿಯೂ ಸುಮ್ಮನಿರಲಿಲ್ಲ. "ಮಳೆಗಾಲದಲ್ಲಿ ಬಿಸಿಲೇ ಇಲ್ಲ, ನೆರಳು ಎಲ್ಲಿ ಬತ್ತದೆ? ಆಗ ಕೆಲಸಕ್ಕೆ ಯಾರು?" ಎಂದು ಕೇಳಿಬಿಟ್ಟರು. ಅದರಿಂದ ಮಳೆಗಾಲದಲ್ಲಿ ಕೆಲಸವಿಲ್ಲದೆ ಮಂಚದ ಕೆಳಗೆ ಮುದುರಿ ಕೂತು ಗೊಣಗುವ ನೆರಳುಗಳು ಬಂದವು. ಓದುಗರಿಗೆ ಅವು ಬಹಳ ಹಿಡಿಸಿದವು.

ಕಥೆ ಇಬ್ಬರು ಅಕ್ಕತಂಗಿಯರದು. ಈಚೆ ದಡದಲ್ಲಿ ತಂಗಿ ಮಲ್ಲೆ, ಆಚೆ ದಡದಲ್ಲಿ ಅಕ್ಕ ಸಂಪಿ. ಮಲ್ಲೆಗೆ ಒಂದು ದೊಡ್ಡ ಕಷ್ಟ ಬಂದಾಗ ಕರಿಹೊಳೆ ಉಕ್ಕಿತ್ತು, ಸಂಪಿ ಬರಲಾಗಲಿಲ್ಲ. ಅಂದಿನಿಂದ ಹೊಳೆ ಇಳಿದೇ ಇಲ್ಲ. ಇಬ್ಬರೂ ದಡದಲ್ಲಿ ನಿಂತು ಕಾಯುತ್ತಾರೆ, ಸಂಪಿಯ ಕೂಗು ಮಾತ್ರ ಗಾಳಿಯಲ್ಲಿ ಹರಿದು ಬರುತ್ತದೆ. ಓದುಗರು ಎರಡು ವರ್ಷದಿಂದ ಅಳುತ್ತಿದ್ದರು. ಈಗ ಕಥೆ ಮುಗಿಯುವ ಹಂತಕ್ಕೆ ಬಂದಿತ್ತು. ಮುಗಿದ ಮೇಲೆ ಪುಸ್ತಕ ಮಾಡೋಣ ಎಂದು ಆ್ಯಪಿನ ಸಂಪಾದಕಿ ರೇಷ್ಮ ಬೆಂಗಳೂರಿನಿಂದ ಫೋನು ಮಾಡಿ ಹೇಳಿದ್ದಳು. ಕೊನೆಯ ಅಧ್ಯಾಯ ಈ ಭಾನುವಾರಕ್ಕೆ ಬೇಕಿತ್ತು.

ಅಷ್ಟರಲ್ಲಿ ಹಾವೇರಿ ಕಡೆಯ ಒಬ್ಬ ಓದುಗ ಬರೆದ: "ಮೇಡಂ, ಬಹಳ ದಿನದಿಂದ ಕೇಳಬೇಕು ಅಂತಿದ್ದೆ. ಗುಡ್ಡ ಎತ್ತುವ ನೆರಳುಗಳು ಇರುವ ನಾಡಿನಲ್ಲಿ ಒಂದು ಸೇತುವೆ ಕಟ್ಟಲು ಯಾಕೆ ಯಾರಿಗೂ ತೋಚಲಿಲ್ಲ?"

ಕೆಳಗೆ ನಗುವ ಮುಖಗಳು ಸಾಲುಸಾಲಾಗಿ ಬಿದ್ದವು. ಹೌದಲ್ಲ, ಹೌದಲ್ಲ ಎಂದು ಜನ ಸೇರಿಕೊಂಡರು. ಒಬ್ಬಳಂತೂ, ಎರಡು ವರ್ಷ ಸುಮ್ಮನೆ ಅಳಿಸಿದಿರಿ ಎಂದು ಸಿಟ್ಟು ಮಾಡಿಕೊಂಡಳು.

ವೀಣಾ ಫೋನು ಹಿಡಿದು ಹಾಗೇ ಕೂತಳು. ಕಾಲು ತಂತಾನೇ ಪೆಡಲ್ ತುಳಿಯುತ್ತಿತ್ತು, ಸೂಜಿಯಲ್ಲಿ ದಾರವಿರಲಿಲ್ಲ. ಸೇತುವೆ! ಅದು ಅವಳಿಗೆ ಹೊಳೆದೇ ಇರಲಿಲ್ಲ. ಹೇಗೆ ಹೊಳೆಯಬೇಕು? ಹೊಳೆ ಎಂದರೆ ಅವಳಿಗೆ ದಡದಿಂದ ದಡಕ್ಕೆ ದಾಟುವ ಕಡವು, ತೋಣಿ, ಬೇಸಿಗೆಯಲ್ಲಿ ಕಲ್ಲು ಹಿಡಿದು ದಾಟುವುದು, ಮಳೆಗಾಲದಲ್ಲಿ ದಾಟದೆ ಇರುವುದು. ಇಲ್ಲಿಯವರು ಹಾರುವ ಬೆಟ್ಟವನ್ನು ಬೇಕಾದರೆ ಕಂಡಾರು, ತಮ್ಮ ಕಡವಿನ ಮೇಲೆ ಒಂದು ಸೇತುವೆಯನ್ನು ಕನಸಿನಲ್ಲೂ ಕಾಣಲಾರರು. ಬೇರೆ ಯಾವ ಊರಿನವರೂ ಇಂಥ ತಪ್ಪು ಮಾಡುತ್ತಿರಲಿಲ್ಲ.

ಅಂದಿನಿಂದ ಅವಳು ಕಾಲು ಸುಟ್ಟ ಬೆಕ್ಕಿನ ಹಾಗೆ ಆದಳು. ಒಲೆಯ ಮೇಲೆ ಹಾಲಿಟ್ಟು ಜಗಲಿಗೆ ಬರುವಳು, ಜಗಲಿಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಮತ್ತೆ ಫೋನಿಗೆ. ಹಾಲು ಉಕ್ಕಿ ಹೋಗುವುದು. ಶೀಜ ಚೇಚಿ ರವಿಕೆ ತೊಟ್ಟು ನೋಡಿ, "ಎಂದಾ ವೀಣೇ, ಏನಿದು, ಎಡಗೈ ತೋಳು ಬಲಗಡೆ ಇಟ್ಟಿದೀಯಲ್ಲ" ಎಂದು ನಕ್ಕು ವಾಪಸು ಕೊಟ್ಟು ಹೋದಳು. ಭರತ ಊಟಕ್ಕೆ ಕೂತಾಗ ಅವಳು ಅನ್ನದ ಪಾತ್ರೆ ಕೈಯಲ್ಲಿ ಹಿಡಿದು ಬಾಗಿಲಾಚೆ ನೋಡುತ್ತ ನಿಂತುಬಿಟ್ಟಳು. ಅವನು ತಾನೇ ಬಡಿಸಿಕೊಂಡು ಉಂಡ.

ಮೊದಲ ಉಪಾಯ ಹೊಳೆದಾಗ ಓಡಿ ಬಂದು ಅತ್ತೆಯ ಮುಂದೆ ಕೂತಳು. "ಅತ್ತೆ, ಕರಿಹೊಳೆಗೆ ಕಲ್ಲು ತಿನ್ನೋ ಚಟ. ಕಂಬ ನಿಲ್ಲಿಸಿದ್ರೆ ನುಂಗ್ತದೆ. ಅದಕ್ಕೇ ಸೇತುವೆ ಆಗಿಲ್ಲ."

ಚಾಮುಂಡಮ್ಮ ನುಗ್ಗೆಸೊಪ್ಪು ಬಿಡಿಸುತ್ತಿದ್ದರು. "ಹಂಗಾರೆ ದಡ ಯಾಕೆ ನುಂಗಲಿಲ್ಲ?"

ಎರಡನೆಯದು: ನೆರಳುಗಳು ನೀರು ದಾಟಲಾರವು, ನೀರಿನ ಮೇಲೆ ಕೆಲಸ ಮಾಡಲಾರವು. "ಅಯ್ಯೋ, ಮೊನ್ನೆ ಓದಿದ್ಯಲ್ಲ, ನೆರಳುಗಳೆಲ್ಲ ಸೇರಿ ಬಲೆ ಬೀಸಿ ಮೀನು ಹಿಡಿದ್ವು ಅಂತ" ಎಂದರು ಅತ್ತೆ. ಮೂರನೆಯದು: ರಾಜನ ಅಪ್ಪಣೆ ಇಲ್ಲ. "ಯಾವ ರಾಜ? ಹೋದ ದೀಪಾವಳಿಗೇ ಅವನ್ನ ಸಾಯಿಸಿದೀಯ ಕಣೆ."

ವೀಣಾ ಅಸ್ತರಿನ ಬಟ್ಟೆಯ ಮೇಲಿದ್ದ ಗುಂಡಿಗಳನ್ನೆಲ್ಲ ಕೈಯಿಂದ ಗುಡಿಸಿ ಎಸೆದಳು. ಅವು ಜಗಲಿಯ ತುಂಬ ಉರುಳಿ ಹೋದವು. "ನಿಮಗೆ ಕಥೆ ಕೇಳೋಕೆ ಬರಲ್ಲ ಅತ್ತೆ. ಬರೀ ತೂತು ಹುಡುಕ್ತೀರಿ."

"ನಾನು ಹುಡುಕಿದ್ರೆ ಮನೆ ಒಳಗೆ. ಆ ಹಾವೇರಿಯವನು ಹುಡುಕಿದ್ರೆ ಊರ ತುಂಬ" ಎಂದು ಚಾಮುಂಡಮ್ಮ ಬಗ್ಗಿ ಒಂದೊಂದೇ ಗುಂಡಿ ಹೆಕ್ಕತೊಡಗಿದರು.

ಗುರುವಾರ ರೇಷ್ಮಳ ಫೋನು ಬಂತು. ರೇಷ್ಮ ಒಳ್ಳೆಯ ಹುಡುಗಿ, ಮಾತು ಮಾತ್ರ ರೈಲು. "ವೀಣಾ, ತುಂಬ ಸಿಂಪಲ್. ಕೊನೇ ಅಧ್ಯಾಯದಲ್ಲಿ ಸೇತುವೆ ಕಟ್ಟಿಸಿಬಿಡಿ. ನೆರಳುಗಳೆಲ್ಲ ಸೇರಿ ಕಟ್ಟುತ್ತವೆ, ಸಂಪಿ ಓಡಿ ಬರ್ತಾಳೆ, ಅಪ್ಪಿಕೊಳ್ತಾರೆ, ಮುಗೀತು. ಜನ ಖುಷಿಯಾಗಿ ಅಳ್ತಾರೆ."

"ಹಾಗೆ ಮಾಡಿದ್ರೆ, ಇಷ್ಟು ದಿನ ಯಾಕೆ ಕಟ್ಟಲಿಲ್ಲ ಅಂತ ಬರಲ್ವಾ?"

"ಬರತ್ತೆ. ಅದಕ್ಕೊಂದು ಕಾರಣ ಕೊಡಿ. ಕಾರಣ ಹುಟ್ಟಿಸೋದರಲ್ಲಿ ನೀವು ಎತ್ತಿದ ಕೈ ಅಲ್ವಾ?"

ಫೋನಿಟ್ಟ ಮೇಲೆ ವೀಣಾಗೆ ಕೂರಲಾಗಲಿಲ್ಲ. ಚಪ್ಪಲಿ ಮೆಟ್ಟಿ ಕಡವಿನ ಕಡೆ ನಡೆದಳು. ಬೇಸಿಗೆಯ ಕಬಿನಿ ಸೊರಗಿತ್ತು. ಬಂಡೆಗಳೆಲ್ಲ ಬೆನ್ನು ತೋರಿಸಿಕೊಂಡು ಬಿದ್ದಿದ್ದವು. ಯಾರೋ ಹೆಂಗಸರು ಸೀರೆ ಎತ್ತಿ ಕಟ್ಟಿ, ತಲೆಯ ಮೇಲೆ ಚೀಲ ಹೊತ್ತು ಅಕ್ಕರೆಯಿಂದ ನಡೆದೇ ಬರುತ್ತಿದ್ದರು. ನೀರು ಮೊಣಕಾಲಿಗೂ ಇರಲಿಲ್ಲ. ಅವಳು ಅದನ್ನು ನೋಡಲಾರದೆ ತಿರುಗಿ ಬಂದಳು.

ಇಲ್ಲಿ ಒಂದು ಮಾತು ಹೇಳಬೇಕು. ಈ ಎರಡು ದಡಗಳ ನಡುವೆ ಒಂದು ಮರ್ಯಾದೆ ಇದೆ. ಮದುವೆಗೆ ಬರಲಿಲ್ಲವೇ, ಹೊಳೆ ಬಂದಿತ್ತು. ನಾಮಕರಣಕ್ಕೆ, ತಿಥಿಗೆ, ಜ್ವರದಲ್ಲಿ ಬಿದ್ದವರನ್ನು ನೋಡಲು ಬರಲಿಲ್ಲವೇ, ಹೊಳೆ ಬಂದಿತ್ತು. ಹಾಗೆಂದ ಮೇಲೆ ಮುಂದೆ ಪ್ರಶ್ನೆ ಇಲ್ಲ. ಸುತ್ತಿ ಬರುವ ದಾರಿ ಒಂದಿದೆ ಎಂದು ಎಲ್ಲರಿಗೂ ಗೊತ್ತು. ಮಾನಂತವಾಡಿಗೆ ಹೋಗಿ, ಬಾವಲಿಯ ಚೆಕ್‌ಪೋಸ್ಟ್ ದಾಟಿದರೆ ಅಕ್ಕರೆ. ಅರ್ಧ ದಿನದ ದಾರಿ. ಬೇರೆ ದಿನ ಗೊಬ್ಬರಕ್ಕೆ, ಆಸ್ಪತ್ರೆಗೆ, ಹಸು ಕೊಳ್ಳುವುದಕ್ಕೆ ಜನ ಆ ದಾರಿಯಲ್ಲಿ ಓಡಾಡುತ್ತಲೇ ಇರುತ್ತಾರೆ. ಆದರೆ ಹೊಳೆ ಬಂದಿತ್ತು ಎಂದವರ ಮುಂದೆ ಬಾವಲಿಯ ಹೆಸರು ಎತ್ತುವುದು ಮುಖಕ್ಕೆ ಹೊಡೆದ ಹಾಗೆ. ಯಾರೂ ಎತ್ತುವುದಿಲ್ಲ.

ಆರು ವರ್ಷದ ಹಿಂದೆ, ಕರ್ಕಿಡಕ ಮಾಸದ ಮಳೆಯಲ್ಲಿ, ವೀಣಾಗೆ ತುಂಬಿದ ತಿಂಗಳಲ್ಲಿ ಮಗು ಹೊಟ್ಟೆಯಲ್ಲೇ ಹೋಯಿತು. ಗಂಡುಮಗು. ಆಸ್ಪತ್ರೆಯಿಂದ ಬಂದು ಅವಳು ಗೋಡೆಯ ಕಡೆ ತಿರುಗಿ ಮಲಗಿದಳು. ಅಕ್ಕರೆಯಲ್ಲಿ ಅವಳ ಅಕ್ಕ ಮಾದೇವಿ ಇದ್ದಳು. ತಾಯಿ ಬೇಗ ತೀರಿಕೊಂಡಿದ್ದರಿಂದ ವೀಣಾಳನ್ನು ಎತ್ತಿ ಆಡಿಸಿ, ಜಡೆ ಹೆಣೆದು, ಹೊಡೆದು ಬಡಿದು ಬೆಳೆಸಿದವಳು ಅವಳೇ. ಅವಳಿಗೆ ಹದಿನೈದು ವರ್ಷ ಕಾದ ಮೇಲೆ ಒಂದು ಹೆಣ್ಣುಮಗು ಹುಟ್ಟಿ, ಆಗತಾನೇ ನಡೆಯಲು ಕಲಿತಿತ್ತು. ಅಕ್ಕ ಬರುತ್ತಾಳೆಂದು ವೀಣಾ ಕಾದಳು. ಅಕ್ಕನ ಫೋನು ಬಂತು. "ಹೊಳೆ ಬಂದದೆ ವೀಣಿ" ಎಂದಳು ಅಕ್ಕ. "ಹೂಂ ಅಕ್ಕ" ಎಂದಳು ವೀಣಾ.

ಹೊಳೆ ಇಳಿಯಿತು, ಅಕ್ಕ ಬರಲಿಲ್ಲ. ಬೇಸಿಗೆ ಬಂದು ಕಲ್ಲು ಕಂಡವು, ಬರಲಿಲ್ಲ. ವೀಣಾಳೂ ಹೋಗಲಿಲ್ಲ. ಹಬ್ಬಕ್ಕೆ ಫೋನಿನಲ್ಲಿ ಊಟ ಆಯ್ತಾ, ಮಳೆ ಬಂತಾ ಎಂದು ಮಾತಾಡಿ ಇಡುವರು. ನಾಲ್ಕನೆಯ ವರ್ಷ ಅವಳು ಆ ಅಸ್ತರಿನ ಬಟ್ಟೆ ಹಾಸಿ, ಮೊದಲು ಹೊಳೆಯನ್ನು ಇಟ್ಟಳು. ಎಂದೂ ಇಳಿಯದ ಹೊಳೆ.

ಶುಕ್ರವಾರ ಮಧ್ಯಾಹ್ನ ಅವಳು ನಾಲ್ಕನೆಯ ಉಪಾಯ ತಂದಳು. ಸಂಪಿ ಸೇತುವೆ ಕಟ್ಟಿಸಲು ಹೊರಟಿದ್ದಳು, ಆದರೆ ನೆರಳುಗಳೆಲ್ಲ ಅವತ್ತು ಬೇರೆ ಕೂಲಿಗೆ ಹೋಗಿದ್ದವು. ಹೇಳುವಾಗಲೇ ಅವಳಿಗೆ ತನ್ನ ದನಿ ಕೇಳಿ ನಾಚಿಕೆಯಾಯಿತು.

ಚಾಮುಂಡಮ್ಮ ಕೈಯಲ್ಲಿದ್ದ ಸೊಪ್ಪಿನ ಕಡ್ಡಿಯನ್ನು ಪೂರ್ತಿ ಬಿಡಿಸಿದರು. ಆಮೇಲೆ, "ಸೇತುವೆ ಬಿಡು. ಸುತ್ತಿ ಬರೋ ದಾರಿ ಇಲ್ವಾ ಅಲ್ಲಿ?" ಎಂದರು. "ಹೊಳೆ ಅಂದ್ಮೇಲೆ ಎಲ್ಲಾದ್ರೂ ಒಂದು ಸುತ್ತುದಾರಿ ಇದ್ದೇ ಇರ್ತದೆ. ನಮಗೆ ಬಾವಲಿ ಇದ್ದಂಗೆ."

ಮಾತು ಬಾಯಿಂದ ಬಿದ್ದ ಮೇಲೆ ಏನಂದದ್ದು ಎಂದು ಅವರಿಗೇ ಹೊಳೆದಿರಬೇಕು. ಸೊಪ್ಪಿನ ಮೊರ ಪಕ್ಕಕ್ಕೆ ಸರಿಸಿದರು. ವೀಣಾ ಅತ್ತೆಯ ಮುಖವನ್ನೇ ನೋಡುತ್ತಿದ್ದಳು.

"ಆರು ವರ್ಷ ಬಾಯಿ ಮುಚ್ಕೊಂಡಿದ್ರಲ್ಲ. ಈಗ ಯಾಕೆ ಅಂದ್ರಿ?"

"ನೀನು ಮಲಗಿದ್ದಾಗ ಅನ್ನಬಾರದು ಅಂತ ಸುಮ್ನಿದ್ದೆ ಕೂಸೆ. ಆಮೇಲೂ ಸುಮ್ನಿದ್ದೆ. ನೀನು ಅದರ ಮೇಲೆ ಒಂದು ನಾಡೇ ಕಟ್ಕೊಂಡೆ. ಅದು ಬಿದ್ದೋದ್ರೆ ನೀನು ಎಲ್ಲಿ ಇರ್ತೀಯ ಅಂತ ನನಗೆ ಭಯ."

ವೀಣಾ ಅತ್ತೆಯ ಮೇಲೆ ಹರಿಹಾಯ್ದಳು. ಏನೇನೋ ಅಂದಳು, ಅನ್ನಬಾರದ್ದನ್ನೂ ಅಂದಳು. ಚಾಮುಂಡಮ್ಮ ತಿರುಗಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತು, ಜಗಳವಾದರೂ ಆಗಿ ಮುಗಿಯುತ್ತಿತ್ತು. ಅಂದು ಸಂಜೆಯೆಲ್ಲ ವೀಣಾ ಮನೆಯ ಸುತ್ತ ತಿರುಗಿದಳು. ದಾಟಲಾಗದ ಹೊಳೆ ಇದ್ದರೆ ಮಾತ್ರ ಅಕ್ಕನ ತಪ್ಪಿಲ್ಲ. ಸೇತುವೆ ಇದೆ ಎಂದರೆ, ಸುತ್ತುದಾರಿ ಇದೆ ಎಂದರೆ, ಅಕ್ಕನಿಗೆ ಬರಲು ಮನಸ್ಸಿರಲಿಲ್ಲ ಎಂದಾಗುತ್ತದೆ. ಅಷ್ಟನ್ನು ಒಪ್ಪಿಕೊಳ್ಳಲಾರದೆ ಅವಳು ಬೆಟ್ಟಗಳಿಗೆ ಕಾಲು ಕೊಟ್ಟಿದ್ದಳು, ನೆರಳುಗಳಿಗೆ ಕೂಲಿ ಕೊಟ್ಟಿದ್ದಳು, ಉಪ್ಪಿನ ದಾರಿ ಹಾಕಿದ್ದಳು. ಹಾವೇರಿಯ ಆ ಪುಣ್ಯಾತ್ಮ ಅದೆಲ್ಲವನ್ನೂ ಬಿಟ್ಟು ಅಲ್ಲಿಗೇ ಬೆರಳಿಟ್ಟಿದ್ದ.

ಶನಿವಾರ ಬೆಳಿಗ್ಗೆ ಅವಳು ಮೊದಲ ಬಸ್ಸು ಹತ್ತಿದಳು. ಹೊರಡುವಾಗ ಚಾಮುಂಡಮ್ಮ, "ಕಡವಿಗೆ ಹೋಗು, ನೀರಿಲ್ಲ, ನಡ್ಕೊಂಡೇ ದಾಟಬೋದು" ಎಂದರು. "ಇಲ್ಲ ಅತ್ತೆ, ಸುತ್ತಿಯೇ ಹೋಗ್ತೀನಿ" ಎಂದಳು. ಚಾಮುಂಡಮ್ಮ ಒಳಗೆ ಹೋಗಿ ಬಾಳೆಹಣ್ಣಿನ ಒಂದು ಚಿಪ್ಪು ತಂದು ಚೀಲಕ್ಕೆ ಹಾಕಿದರು.

ಪುಲ್ಪಳ್ಳಿಯಲ್ಲಿ ಬಸ್ಸು ಬದಲಾಯಿಸಿದಳು, ಮಾನಂತವಾಡಿಯಲ್ಲಿ ಮತ್ತೆ ಬದಲಾಯಿಸಿದಳು. ಕಿಟಕಿಯ ಪಕ್ಕ ಸೀಟು ಸಿಕ್ಕಿದರೂ ಸರಿಯಾಗಿ ಕೂರಲಾರದೆ ಚೀಲವನ್ನು ಈ ತೊಡೆಯಿಂದ ಆ ತೊಡೆಗೆ ಸರಿಸುತ್ತಿದ್ದಳು. ರೇಷ್ಮಳ ಕರೆ ಬಂತು, ಎತ್ತಲಿಲ್ಲ. ಈ ಭಾನುವಾರ ಅಧ್ಯಾಯ ಬರುವುದಿಲ್ಲ ಎಂದು ಮೆಸೇಜ್ ಹಾಕಿದಳು. ಏನಾಯಿತು, ಹುಷಾರಿಲ್ಲವಾ ಎಂದು ರೇಷ್ಮ ಕೇಳಿದ್ದಕ್ಕೂ ಉತ್ತರಿಸಲಿಲ್ಲ. ಮನಸ್ಸು ಕಾರಣಗಳನ್ನು ಕಟ್ಟುತ್ತಲೇ ಇತ್ತು, ಅದರ ಅಭ್ಯಾಸವೇ ಅದು. ಭಾವ ಕಳಿಸಿರಲಿಕ್ಕಿಲ್ಲ. ಅಕ್ಕನಿಗೆ ಆಗ ಜ್ವರವಿತ್ತೋ ಏನೋ. ಬಸ್ಸಿಗೆ ಬಂದು ಅರ್ಧದಾರಿಯಿಂದ ವಾಪಸು ಹೋಗಿರಬಹುದು. ಒಂದೊಂದನ್ನೂ ಹೊಲಿದು, ತೊಡಿಸಿ ನೋಡಿ, ಬಿಚ್ಚಿ ಹಾಕಿದಳು.

ಕಾಡಿನ ದಾರಿಯಲ್ಲಿ ಬಸ್ಸು ಓಡುತ್ತಿತ್ತು. ಬಾವಲಿಯಲ್ಲಿ ಇಳಿದಾಗ ಚೆಕ್‌ಪೋಸ್ಟಿನವನು ಎಲ್ಲಿಗೆ ಎಂದು ಕೇಳಿದ್ದಕ್ಕೆ "ಅಕ್ಕನ ಮನೆಗೆ" ಎಂದಳು. ಅವನಿಗೆ ಅಷ್ಟು ಸಾಕಿತ್ತು. ನಾಲ್ಕು ಹೆಜ್ಜೆ ನಡೆದ ಮೇಲೆ ಕೆಳಗೆ ನೀರಿನ ಸದ್ದು ಕೇಳಿ ನಿಂತಳು. ಅವಳು ನಿಂತಿದ್ದುದು ಒಂದು ಸೇತುವೆಯ ಮೇಲೆ. ಸಣ್ಣದು, ಹಳೆಯದು, ಪಕ್ಕದಲ್ಲಿ ಯಾರೋ ಬೀಡಿ ಸೇದುತ್ತ ಕೂತಿದ್ದರು. ಮದುವೆಯಾದ ಹೊಸದರಲ್ಲಿ ಎರಡು ಮೂರು ಸಲ ಇದೇ ದಾರಿಯಲ್ಲಿ ಭರತನ ಜೊತೆ ಹೋಗಿದ್ದಳು. ಅದನ್ನು ಎಲ್ಲಿ ಮುಚ್ಚಿಟ್ಟಿದ್ದಳೋ ಅವಳಿಗೇ ತಿಳಿಯಲಿಲ್ಲ. ತನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು. ಅಲ್ಲೇ ನಿಂತು ಫೋನು ತೆಗೆದು ಹಾವೇರಿಯವನಿಗೆ ಬರೆದಳು: "ಕಟ್ಟಬಹುದಿತ್ತು. ಕಟ್ಟಲಿಲ್ಲ. ಯಾಕೆ ಅಂತ ನನಗೂ ಗೊತ್ತಿಲ್ಲ. ಕೇಳಿಕೊಂಡು ಬರಲು ಹೋಗುತ್ತಿದ್ದೇನೆ."

ಅಲ್ಲಿಂದ ಒಂದು ಜೀಪು ಸಿಕ್ಕಿತು. ಮೂರನೆಯ ತಿರುವಿನಲ್ಲಿ ಇಳಿದು, ಬೇಲಿ ದಾಟಿ ಒಳಗೆ ಹೋದಾಗ ಮಾದೇವಿ ಅಂಗಳದಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ತಲೆ ಅರ್ಧ ನರೆತಿತ್ತು. ತಂಗಿಯನ್ನು ಕಂಡು ಎದ್ದು ನಿಂತಳು, ಮತ್ತೆ ಕೂತಳು. ಹೊಳೆಯ ಕಡೆಯಿಂದ ಬಾರದೆ ರಸ್ತೆಯ ಕಡೆಯಿಂದ ಬಂದದ್ದನ್ನು ಅವಳ ಕಣ್ಣು ಗಮನಿಸಿತ್ತು.

"ಹೊಳೇಲಿ ಕಲ್ಲು ಕಾಣ್ತಾ ಅವೆ. ಸುತ್ತಿ ಬಂದ್ಯಾ?"

"ಸುತ್ತಿ ಬಂದೆ ಅಕ್ಕ. ಈ ದಾರೀಲಿ ಬರೋಕಾಯ್ತದಾ ಅಂತ ನೋಡ್ಬೇಕಿತ್ತು."

ಮಾದೇವಿಯ ಕೈ ಹುಣಸೆಹಣ್ಣಿನಲ್ಲೇ ನಿಂತಿತು. ಅವಳು ನೀರು ಕೊಡಲಿಲ್ಲ, ಕೂರು ಎನ್ನಲಿಲ್ಲ.

"ಆಯ್ತದೆ" ಎಂದಳು ಕೊನೆಗೆ. "ಆವತ್ತೂ ಆಯ್ತಿತ್ತು."

ವೀಣಾ ಜಗಲಿಯ ಅಂಚಿಗೆ ಕೂತಳು.

"ನಿನ್ನ ಭಾವ ಜೀಪು ಗೊತ್ತು ಮಾಡಿದ್ರು. ನಾನೇ ಬ್ಯಾಡ ಅಂದೆ" ಎಂದಳು ಮಾದೇವಿ, ತಲೆ ಎತ್ತದೆ. "ಹದಿನೈದು ವರ್ಷ ಕಾದು ಪಡೆದ ಮಗು ಕಣೆ. ಬಿಟ್ಟು ಬರೋಕೆ ಜೀವ ಒಪ್ಪಲಿಲ್ಲ. ಎತ್ಕೊಂಡು ಬಂದ್ರೆ, ಬರೀ ಮಡಿಲು ಇಟ್ಕೊಂಡು ಮಲಗಿರೋ ನೀನು ಅದನ್ನ ನೋಡ್ತೀಯ. ಆ ಕಣ್ಣು ತಾಗ್ತದೆ ಅಂತ ಹೆದರಿದೆ. ಯಾರ ಕಣ್ಣು? ನಾನು ಕಾಡಿಗೆ ಹಚ್ಚಿ ಬೆಳೆಸಿದ ಕಣ್ಣು. ಅದಕ್ಕೆ ಹೆದರಿದೆ ವೀಣಿ. ಅದನ್ನ ನಿನಗ್ಹೆಂಗೆ ಹೇಳ್ಲಿ? ಹೊಳೆ ಬಂದದೆ ಅಂದೆ. ನೀನು ಹೂಂ ಅಂದೆ. ಆಮೇಲೆ ಯಾವ ಮುಖ ಇಟ್ಕೊಂಡು ಬರಲಿ?"

ನಡೆಯುವ ಬೆಟ್ಟವನ್ನು ಯೋಚಿಸಿದವಳಿಗೆ ಇದು ಹೊಳೆದಿರಲಿಲ್ಲ. ಜ್ವರ, ಭಾವ, ಮನಸ್ಸಿಲ್ಲದಿರುವುದು, ಎಲ್ಲವನ್ನೂ ಯೋಚಿಸಿದ್ದಳು. ತನಗೆ ಹೆದರಿ ಅಕ್ಕ ಬರಲಿಲ್ಲ ಎಂದು ಯೋಚಿಸಿರಲಿಲ್ಲ. ಎದ್ದು ಹೋಗಿಬಿಡಬೇಕೆನಿಸಿತು. ನಾನೇನು ಮಾರಿಯೇ ಎಂದು ಕಿರುಚಬೇಕೆನಿಸಿತು. ಹಾಗೆ ಕಿರುಚದಂತೆ ತಡೆದದ್ದು ಇನ್ನೊಂದು ನೆನಪು. ಆ ದಿನಗಳಲ್ಲಿ ಶೀಜ ಚೇಚಿಯ ತಂಗಿ ಕೈಗೂಸು ಎತ್ತಿಕೊಂಡು ಬಂದಾಗ ತಾನು ಅದನ್ನು ನೋಡಿದ ನೋಟ ಒಳ್ಳೆಯದಾಗಿರಲಿಲ್ಲ. ಅದು ಅವಳಿಗೆ ಮಾತ್ರ ಗೊತ್ತಿತ್ತು. ಅಕ್ಕ ಅದನ್ನು ಕಾಣದೆಯೇ ಕಂಡಿದ್ದಳು.

"ಹೆದರಬಾರದಿತ್ತು ಅಕ್ಕ" ಎಂದಳು. ಅಷ್ಟು ಹೇಳುವುದರಲ್ಲಿ ಅಳು ನುಗ್ಗಿ ಬಂತು. ಎರಡು ವರ್ಷ ಮಲ್ಲೆಯ ಕೈಯಲ್ಲಿ ಅಳಿಸಿದ್ದಳು, ಆರು ವರ್ಷದಿಂದ ತಾನು ಅತ್ತಿರಲಿಲ್ಲ. ಅಕ್ಕನೂ ಅತ್ತಳು, ಹುಣಸೆಯ ಕೈಯಿಂದ ಕಣ್ಣೊರೆಸಿಕೊಂಡು ಉರಿ ತಾಳದೆ ಇನ್ನಷ್ಟು ಅತ್ತಳು.

ಅಷ್ಟರಲ್ಲಿ ಬೇಲಿಯಾಚೆಯಿಂದ ಒಬ್ಬಳು ಹುಡುಗಿ ಓಡುತ್ತ ಬಂದು, ಅಳುವ ಇಬ್ಬರನ್ನು ಕಂಡು ಗಕ್ಕನೆ ನಿಂತಳು. "ಯಾರವ್ವ ಇದು?"

ವೀಣಾ ಥಟ್ಟನೆ ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡಳು. ಬೇಕೆಂದು ಮಾಡಿದ್ದಲ್ಲ, ತಾನಾಗಿ ಹಾಗಾಯಿತು. ತನ್ನ ಕಣ್ಣನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲ.

ಮಾದೇವಿ ಎದ್ದಳು. ಮಗಳ ರಟ್ಟೆ ಹಿಡಿದು ಕರೆತಂದು ತಂಗಿಯ ಮಡಿಲಲ್ಲಿ ಕೂರಿಸಿದಳು. ಹುಡುಗಿ ಕೊಸರಾಡಿದರೂ ಬಿಡಲಿಲ್ಲ.

"ನೋಡು" ಎಂದಳು ಅಕ್ಕ. "ಇತ್ಲಾಗೆ ತಿರುಗು ವೀಣಿ. ಕಣ್ತುಂಬ ನೋಡು."

ವೀಣಾ ತಿರುಗಿ ನೋಡಿದಳು. ಹುಡುಗಿಗೆ ಮುಂದಿನ ಎರಡು ಹಲ್ಲು ಬಿದ್ದಿದ್ದವು.